ರಕ್ತ ಏರಿತು, ಮಾತ್ರೆ ಇಳಿಸುವುದು ಯಾವಾಗ?

ಎಲ್ಲರಿಗೂ ನಮಸ್ಕಾರ. ದುರಸ್ತಿಗೆಂದು ಮುಂಬೈ ಲೋಕಲ್ ರೈಲು ನಿಲ್ಲಿಸುವ ಭಾನುವಾರದ ಮೆಗಾ ಬ್ಲಾಕ್ ದಾಟಿಕೊಂಡು ಠಾಣೆ, ಡೊಂಬಿವಲಿ, ಮೀರಾ ರೋಡಿನಿಂದ ಮಾಟುಂಗದವರೆಗೆ ಬಂದಿದ್ದೀರಿ. ಪೀಠಿಕೆ ಹೊಡೆಯದೆ ನೇರ ವಿಷಯಕ್ಕೆ ಬರುತ್ತೇನೆ.

ನಾಯಿಯ ರೋಗನಿರೋಧಕ ಶಕ್ತಿಯೇ ಅದರ ಕೆಂಪು ರಕ್ತಕಣಗಳ ಮೇಲೆ ತಿರುಗಿಬೀಳುವ ಕಾಯಿಲೆಗೆ ಡಾಕ್ಟರುಗಳು ಐಎಂಎಚ್‌ಎ ಅನ್ನುತ್ತಾರೆ. ರಕ್ತದಲ್ಲಿ ಕೆಂಪುಕಣಗಳ ಪಾಲೆಷ್ಟು ಎಂದು ಹೇಳುವ ಲೆಕ್ಕ ಪಿಸಿವಿ. ಆರೋಗ್ಯವಂತ ನಾಯಿಗೆ ಅದು ಶೇ. 37ರಿಂದ 55. ಈ ಕಾಯಿಲೆಯಲ್ಲಿ ಕೆಲವೇ ದಿನಗಳಲ್ಲಿ 15ಕ್ಕಿಂತ ಕೆಳಗೆ ಇಳಿಯಬಹುದು. ಒಸಡು ಬಿಳಿಚುತ್ತದೆ ಅಥವಾ ಹಳದಿಯಾಗುತ್ತದೆ, ಮೂತ್ರ ಕಿತ್ತಳೆ ಇಲ್ಲವೇ ಕಡು ಕಂದು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಕಾಕರ್ ಸ್ಪೇನಿಯಲ್ ಸಾಕಿದವರು ಸ್ವಲ್ಪ ಹೆಚ್ಚು ಎಚ್ಚರ ವಹಿಸಬೇಕು, ಆ ತಳಿಗೆ ಇದರ ಒಲವು ಜಾಸ್ತಿ.

ನಮ್ಮ ಕಡೆ ಮೊದಲು ಕೇಳಬೇಕಾದ ಪ್ರಶ್ನೆ ನಾಯಿಯ ಮೈಗೆ ಕಚ್ಚಿ ರಕ್ತ ಹೀರುವ ಉಣ್ಣೆಯದು (ಟಿಕ್). ಮುಂಬೈ, ಪುಣೆಯ ಹವೆಯಲ್ಲಿ ಉಣ್ಣೆಗೆ ವರ್ಷವಿಡೀ ಸುಗ್ಗಿ. ಅದು ತರುವ ಬೆಬೀಸಿಯಾ ಗಿಬ್ಸೋನಿ ಎಂಬ ಪರಾವಲಂಬಿ ಇದೇ ರೀತಿ ರಕ್ತ ಒಡೆಸುತ್ತದೆ, ಸಾಲದ್ದಕ್ಕೆ ಐಎಂಎಚ್‌ಎಯನ್ನೂ ಕೆರಳಿಸುತ್ತದೆ. ಅದು ಬಹಳ ಚಿಕ್ಕದು, ಸ್ಲೈಡಿನಲ್ಲಿ ಕಾಣದೆ ಹೋಗುವುದೇ ಹೆಚ್ಚು, ಆದ್ದರಿಂದ ಪಿಸಿಆರ್ ಮಾಡಿಸಿ. ಸೋಂಕು ಒಳಗಿರುವಾಗ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸ್ಟೆರಾಯ್ಡ್ ಒಂದನ್ನೇ ಕೊಡುತ್ತ ಹೋದರೆ ಎರಡು ದಿನ ನಾಯಿ ಚೇತರಿಸಿಕೊಂಡಂತೆ ಕಾಣುತ್ತದೆ, ಆಮೇಲೆ ಮತ್ತೆ ಕುಸಿಯುತ್ತದೆ. ರಿಪೋರ್ಟ್ ಬರುವವರೆಗೆ ಕಾಯುವಷ್ಟು ವ್ಯವಧಾನ ಇಲ್ಲದಿದ್ದರೆ ಸ್ಟೆರಾಯ್ಡ್ ಶುರು ಮಾಡುವುದು ತಪ್ಪಲ್ಲ. ಆದರೆ ರಕ್ತದ ಸ್ಯಾಂಪಲ್ ಅದಕ್ಕೂ ಮುಂಚೆಯೇ ತೆಗೆದಿರಬೇಕು.

ಲ್ಯಾಬಿನ ಬಗ್ಗೆ ಒಂದು ಮಾತು. ಈ ಕಾಯಿಲೆಯಲ್ಲಿ ಕೆಂಪುಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಟಿದ ಗುಂಪನ್ನು ಯಂತ್ರ ಒಂದೇ ಕಣ ಎಂದು ಎಣಿಸುತ್ತದೆ, ಹೀಗಾಗಿ ಪ್ರಿಂಟ್ ಆದ ಎಣಿಕೆ ಸುಳ್ಳೇ ಕಡಿಮೆ ಬರುತ್ತದೆ. ಸಣ್ಣ ಗಾಜಿನ ಕೊಳವೆಯಲ್ಲಿ ರಕ್ತ ತಿರುಗಿಸಿ ಕಣ್ಣಿನಿಂದ ಓದುವ ಪಿಸಿವಿಯೇ ನಂಬಿಕೆಗೆ ಅರ್ಹ. ಮೇಲೆ ನಿಂತ ನೀರು ಹಳದಿಯೋ ಕೆಂಪೋ ಎಂಬುದೂ ಅಲ್ಲಿಯೇ ಕಾಣುತ್ತದೆ. ಪ್ರತಿ ಸಲವೂ ಅದೇ ಜಾಗದಲ್ಲಿ, ಅದೇ ವಿಧಾನದಲ್ಲಿ ಮಾಡಿಸಿ.

ಇನ್ನು ಔಷಧಿ. 12 ಕಿಲೋ ತೂಕದ ನಾಯಿಯೊಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಕೊಡುವ ಸ್ಟೆರಾಯ್ಡ್ ಪ್ರೆಡ್ನಿಸೋಲೋನ್, ದಿನಕ್ಕೆ ಕಿಲೋಗೆ 2ರಿಂದ 3 ಮಿಲಿಗ್ರಾಂ. ಕಿಲೋಗೆ 2 ಎಂದರೆ 24 ಆಯಿತು, ಅಂದರೆ ವೈಸೋಲೋನ್ ಹೆಸರಿನ ಮಾತ್ರೆ 20ರದು ಒಂದು, 5ರದು ಒಂದು. ದೊಡ್ಡ ನಾಯಿಗಳಿಗೆ ಇದೇ ಗುಣಾಕಾರ ಮಾಡಬೇಡಿ. 25 ಕಿಲೋ ದಾಟಿದರೆ ಮೈಯ ವಿಸ್ತೀರ್ಣದ ಮೇಲೆ ಡೋಸ್ ಲೆಕ್ಕ ಹಾಕುತ್ತಾರೆ. ಇಲ್ಲದಿದ್ದರೆ ಲ್ಯಾಬ್ರಡಾರ್‌ನ ತೊಡೆಯ ಮಾಂಸವೆಲ್ಲ ಕರಗಿ ಎದ್ದು ನಿಲ್ಲುವುದೇ ಕಷ್ಟವಾಗುತ್ತದೆ.

ಜೊತೆಗೆ ಕ್ಲೋಪಿಡೊಗ್ರೆಲ್. ರಕ್ತ ಇಲ್ಲದ ನಾಯಿಗೆ ರಕ್ತ ತೆಳ್ಳಗೆ ಮಾಡುವ ಮಾತ್ರೆ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಇಲ್ಲಿ ಅನೇಕ ನಾಯಿಗಳು ಸಾಯುವುದು ರಕ್ತ ಕಡಿಮೆಯಾದದ್ದರಿಂದಲ್ಲ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿ. ಮೊದಲ ಎರಡು ವಾರ ಈ ಭಯ ಅತಿ ಹೆಚ್ಚು. ಮನುಷ್ಯರ 75 ಮಿಲಿಗ್ರಾಂ ಮಾತ್ರೆಯ ಕಾಲು ಭಾಗ, ಸುಮಾರು 19 ಮಿಲಿಗ್ರಾಂ, ನಮ್ಮ 12 ಕಿಲೋ ನಾಯಿಗೆ ಸರಿಹೋಗುತ್ತದೆ. ಕತ್ತರಿಸಿದ ಮಾತ್ರೆ ಮಹಾ ಕಹಿ. ಖಾಲಿ ಕ್ಯಾಪ್ಸೂಲಿನಲ್ಲಿ ತುಂಬಿ ಕೊಡಿ, ಇಲ್ಲವಾದರೆ ಮೂರನೇ ದಿನದಿಂದ ಪನೀರ್ ತುಂಡನ್ನೂ ಅದು ಮೂಸಿ ಬಿಡುತ್ತದೆ.

ಸ್ಟೆರಾಯ್ಡ್ ಒಂದರಿಂದಲೇ ಸಾಲದಾದಾಗ ಎರಡನೇ ಔಷಧಿ ಸೇರಿಸುತ್ತಾರೆ. ಅಜಾಥಯೋಪ್ರಿನ್ ಆದರೆ 50ರ ಮಾತ್ರೆಯಲ್ಲಿ ಅರ್ಧ. ಅದರ ಪೆಟ್ಟು ಯಕೃತ್ತಿಗೆ ಮತ್ತು ಮೂಳೆಯ ಮಜ್ಜೆಗೆ. ಮೊದಲ ತಿಂಗಳುಗಳಲ್ಲಿ ಲಿವರ್ ಕಿಣ್ವ ಮತ್ತು ಬಿಳಿ ರಕ್ತಕಣ ಆಗಾಗ ನೋಡಿಸದೆ ಇದನ್ನು ಕೊಡಕೂಡದು. ಅದರ ಬದಲು ಕೊಡುವ ಮೈಕೋಫಿನೊಲೇಟ್ ಹೊಟ್ಟೆಗೆ ಹೊಡೆಯುತ್ತದೆ, ನೀರಿನಂಥ ಭೇದಿ ಶುರುವಾದರೆ ಡೋಸ್ ಇಳಿಸಬೇಕಾಗುತ್ತದೆ. ನಮ್ಮ ನಾಯಿಗೆ ಬೇಕಾದದ್ದು ಒಂದು ಹೊತ್ತಿಗೆ 120 ಮಿಲಿಗ್ರಾಂ, ಅಂಗಡಿಯಲ್ಲಿ ಸಿಗುವ ಕ್ಯಾಪ್ಸೂಲ್ 250ರದು. ಮನೆಯಲ್ಲಿ ಬಿಚ್ಚಿ ಪುಡಿ ಹಂಚಲು ಹೋಗಬೇಡಿ. ಗರ್ಭಿಣಿಯರು ಆ ಪುಡಿಯ ಹತ್ತಿರವೂ ಸುಳಿಯಬಾರದು. ತಕ್ಕ ಪ್ರಮಾಣದಲ್ಲಿ ತಯಾರಿಸಿಕೊಡುವ ಫಾರ್ಮಸಿಯನ್ನು ಡಾಕ್ಟರನ್ನೇ ಕೇಳಿ. ಮಾತ್ರೆ ಮುಟ್ಟುವಾಗ ಕೈಗವಸು ಇರಲಿ.

ಈಗ ಮನೆಯಲ್ಲಿ ನಿಜವಾಗಿ ತಲೆನೋವು ತರುವ ಭಾಗ. ಸ್ಟೆರಾಯ್ಡ್ ತಿನ್ನುವ ನಾಯಿ ಕುಡಿಯುತ್ತದೆ, ಉಚ್ಚೆ ಹೊಯ್ಯುತ್ತದೆ, ತಿನ್ನಲು ಹುಡುಕುತ್ತದೆ, ಸುಮ್ಮನೆ ಮಲಗಿದ್ದರೂ ತೇಕುತ್ತದೆ. 12 ಕಿಲೋ ನಾಯಿ ಮಾಮೂಲಿಗೆ ದಿನಕ್ಕೆ 500ರಿಂದ 700 ಮಿಲಿಲೀಟರ್ ನೀರು ಕುಡಿದರೆ, ಈಗ ಒಂದೂಕಾಲು ಲೀಟರ್ ದಾಟಬಹುದು. ಎಂಟನೇ ಮಹಡಿಯ ಒನ್ ಬಿಎಚ್‌ಕೆಯಲ್ಲಿ ಇದರ ಅರ್ಥ ಏನೆಂದು ನಿಮಗೇ ಗೊತ್ತು. ರಾತ್ರಿ ನೀರಿನ ಬಟ್ಟಲು ಎತ್ತಿಡುವವರಿದ್ದಾರೆ. ದಯವಿಟ್ಟು ಬೇಡ, ಮೈ ಒಣಗಿದರೆ ರಕ್ತ ಇನ್ನಷ್ಟು ಗಟ್ಟಿಯಾಗುತ್ತದೆ. ಡಾಕ್ಟರ್ ಒಪ್ಪಿದರೆ ಇಡೀ ಡೋಸನ್ನು ಬೆಳಗಿನ ಊಟದೊಂದಿಗೆ ಕೊಡಿ, ರಾತ್ರಿ 11ಕ್ಕೆ ಒಂದು ಸಲ ಕೆಳಗಿಳಿಸಿ, ಬಾಲ್ಕನಿಯಲ್ಲಿ ಪ್ಯಾಡ್ ಹಾಸಿಡಿ. ಬಿಳಿ ಪ್ಯಾಡ್ ಆದರೆ ಮೂತ್ರದ ಬಣ್ಣವೂ ಅಲ್ಲೇ ತಿಳಿಯುತ್ತದೆ.

ಹಸಿವಿನ ವಿಷಯ ಇನ್ನೂ ಅಪಾಯದ್ದು. ನಮ್ಮ ಅಡುಗೆಮನೆಯಲ್ಲಿ ಈರುಳ್ಳಿ ಇಲ್ಲದ ಹುಳಿ ಎಷ್ಟು ದಿನ ಇರುತ್ತದೆ? ಈರುಳ್ಳಿ, ಬೆಳ್ಳುಳ್ಳಿ ತಮ್ಮದೇ ದಾರಿಯಲ್ಲಿ ನಾಯಿಯ ಕೆಂಪುಕಣ ಒಡೆಸುತ್ತವೆ. ಕಸದ ಬುಟ್ಟಿಗೆ ಮುಚ್ಚಳ, ಮುಚ್ಚಳದ ಮೇಲೆ ಭಾರ. ಚರ್ಮದ ಕೆರೆತಕ್ಕೆ ಮನೆಯಲ್ಲಿರುವ ಕ್ಯಾಲಮೈನ್ ಸವರುವುದೂ ಬೇಡ, ಅದರಲ್ಲಿ ಜಿಂಕ್ ಇದೆ. ನೆಕ್ಕಿ ಹೊಟ್ಟೆಗೆ ಹೋದ ಜಿಂಕ್ ಕೂಡ ರಕ್ತ ಒಡೆಸಬಲ್ಲದು. ನೋವಿಗೆಂದು ಮೆಲಾಕ್ಸಿಕ್ಯಾಮ್ ಕೊಟ್ಟರಂತೂ ಸ್ಟೆರಾಯ್ಡ್ ಜೊತೆ ಸೇರಿ ಹೊಟ್ಟೆಯಲ್ಲಿ ಹುಣ್ಣು, ತೂತು. ಡಾಂಬರಿನ ಹಾಗೆ ಕಪ್ಪಗೆ ಜಿಗುಟಾದ ಮಲ ಕಂಡರೆ ಅದು ಒಳಗಿನ ರಕ್ತಸ್ರಾವ. ಕ್ಲೋಪಿಡೊಗ್ರೆಲ್ ನಡೆಯುತ್ತಿರುವಾಗ ಬೆಳಗಾಗಲಿ ಎಂದು ಕಾಯುವ ಮಾತೇ ಇಲ್ಲ.

ಒಸಡನ್ನು ಟ್ಯೂಬ್‌ಲೈಟಿನಲ್ಲಿ ನೋಡಬೇಡಿ, ಕಿಟಕಿಯ ಬೆಳಕಿಗೆ ತನ್ನಿ. ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಕಪ್ಪು ಒಸಡಿನ ನಾಯಿಯಾದರೆ ಕೆಳರೆಪ್ಪೆಯ ಒಳಭಾಗ ನೋಡಿ. ಗಾಢ ನಿದ್ದೆಯಲ್ಲಿದ್ದಾಗ ನಿಮಿಷಕ್ಕೆ ಎಷ್ಟು ಉಸಿರು ಎಂದು ಎಣಿಸಿ ಬರೆದಿಡಿ. ನಿದ್ದೆಯಲ್ಲೂ 30 ದಾಟುತ್ತಿದ್ದರೆ ಅದು ಸ್ಟೆರಾಯ್ಡಿನ ತೇಕು ಎಂದು ಸಮಾಧಾನ ಪಟ್ಟುಕೊಳ್ಳಬೇಡಿ, ಪಿಸಿವಿ ಬಿದ್ದಿರಬಹುದು, ಶ್ವಾಸಕೋಶದಲ್ಲಿ ಹೆಪ್ಪು ಕೂತಿರಬಹುದು.

ಹೆಚ್ಚಿನವರು ಎಡವುವುದು ನಾಯಿ ಗೆಲುವಾದ ಮೇಲೆ. ಪಿಸಿವಿ 32 ಆಯಿತು, ಬಾಲ ಆಡಿಸುತ್ತಿದೆ, ಉಚ್ಚೆ ಒರೆಸಿ ಒರೆಸಿ ಮನೆಮಂದಿಗೆ ಸಾಕಾಗಿದೆ, ಮಾತ್ರೆ ಅರ್ಧಕ್ಕೆ ಇಳಿಯುತ್ತದೆ, ಮುಂದಿನ ವಾರ ನಿಂತೇ ಹೋಗುತ್ತದೆ. ಇಷ್ಟು ದಿನ ಹೊರಗಿನ ಸ್ಟೆರಾಯ್ಡ್ ಸಿಕ್ಕಿದ್ದರಿಂದ ಮೈಯೊಳಗೇ ಸ್ಟೆರಾಯ್ಡ್ ತಯಾರಿಸುವ ಅಡ್ರಿನಲ್ ಗ್ರಂಥಿ ತನ್ನ ಕೆಲಸ ಬಿಟ್ಟು ಕೂತಿರುತ್ತದೆ. ಥಟ್ಟನೆ ನಿಲ್ಲಿಸಿದರೆ ವಾಂತಿ, ನಿತ್ರಾಣ, ಕುಸಿತ. ಅದರಿಂದ ಪಾರಾದರೂ ಕಾಯಿಲೆ ಮರುಕಳಿಸುವ ಸಂಭವ ಇದ್ದೇ ಇದೆ.

ಅಮೆರಿಕದ ಪಶುವೈದ್ಯ ತಜ್ಞರ ಸಂಸ್ಥೆ ಎಸಿವಿಐಎಂ 2019ರಲ್ಲಿ ಪ್ರಕಟಿಸಿದ ಒಮ್ಮತದ ಕ್ರಮ ಹೀಗಿದೆ: ಪಿಸಿವಿ ಎರಡು ವಾರ 30ರ ಮೇಲೆ ಸ್ಥಿರವಾಗಿದ್ದು, ಉಳಿದ ಲಕ್ಷಣಗಳೂ ಹೆಚ್ಚಿನ ಮಟ್ಟಿಗೆ ತಗ್ಗಿದ್ದರೆ ಡೋಸಿನ ಕಾಲು ಭಾಗ ಇಳಿಸಿ. ಆಮೇಲೆ ಮೂರು ವಾರಕ್ಕೊಮ್ಮೆ ಕಾಲು ಭಾಗ. ಪ್ರತಿ ಇಳಿಕೆಗೂ ಮುಂಚೆ ಪಿಸಿವಿ. ಮಾತ್ರೆಯ ಅಳತೆಗೆ ಹೊಂದಿಸಿದರೆ ನಮ್ಮ ನಾಯಿಗೆ 25, 20, 15, 10, 7.5, 5 ಹೀಗೆ ಇಳಿಯುತ್ತದೆ. ಲೆಕ್ಕ ಹಾಕಿ, ನಾಲ್ಕು ತಿಂಗಳು ಮೀರುತ್ತದೆ. ಎರಡನೇ ಔಷಧಿ ಇದ್ದರೆ ಮೊದಲು ಇಳಿಯುವುದು ಸಾಮಾನ್ಯವಾಗಿ ಸ್ಟೆರಾಯ್ಡೇ, ಅಡ್ಡಪರಿಣಾಮ ಅದರದ್ದೇ ಹೆಚ್ಚು. ಒಂದೇ ದಿನ ಎರಡನ್ನೂ ಇಳಿಸಿದರೆ, ಮುಂದೆ ರಕ್ತ ಬಿದ್ದಾಗ ಯಾವುದರಿಂದ ಬಿತ್ತೆಂದು ಗೊತ್ತಾಗುವುದಿಲ್ಲ.

ಈ ತಿಂಗಳುಗಳಲ್ಲಿ ನಾಯಿಗೆ ಸೋಂಕು ತಡೆಯುವ ಶಕ್ತಿ ಕಡಿಮೆ. ಮಳೆಗಾಲದಲ್ಲಿ ಹಿಂದ್‌ಮಾತಾದಂಥ ಕಡೆ ನಿಲ್ಲುವ ನೀರಿಗೆ ಇಳಿಸಬೇಡಿ, ಇಲಿಜ್ವರ ಅಲ್ಲಿಂದಲೇ ಬರುವುದು. ಹಸಿ ಮಾಂಸ ಬೇಡ. ಉಣ್ಣೆಗೆ ನೆಕ್ಸ್‌ಗಾರ್ಡ್ ತಿಂಗಳಿಗೊಮ್ಮೆ ಅಥವಾ ಬ್ರವೆಕ್ಟೊ 12 ವಾರಕ್ಕೊಮ್ಮೆ, ಫಿಟ್ಸ್ ಇರುವ ನಾಯಿಯಾದರೆ ಡಾಕ್ಟರಿಗೆ ಮೊದಲೇ ಹೇಳಿ.

ಮೇ ತಿಂಗಳಲ್ಲಿ ಊರಿಗೆ ಹೋಗುವವರಿಗೆ ಕೊನೆಯದಾಗಿ ಒಂದೆರಡು. ನಾಯಿಯನ್ನು ಬಿಟ್ಟುಹೋಗುವ ಬೋರ್ಡಿಂಗಿನವರು ಮೂಗಿಗೆ ಹಾಕುವ ಕೆನ್ನೆಲ್ ಕಾಫ್ (ನಾಯಿಕೆಮ್ಮು) ಲಸಿಕೆ ಕೇಳಬಹುದು. ಅದು ಜೀವಂತ ಲಸಿಕೆ, ಈ ಔಷಧಿಗಳು ನಡೆಯುವಾಗ ಹಾಕಿಸುವಂತಿಲ್ಲ. ರೇಬೀಸ್ ಲಸಿಕೆಯ ದಿನ ಬಂದಿದ್ದರೆ ನೀವಾಗಿ ಮುಂದೂಡಬೇಡಿ, ಡಾಕ್ಟರೊಂದಿಗೆ ಕೂತು ತೀರ್ಮಾನಿಸಿ. ಕೊಂಕಣ ರೈಲಿನಲ್ಲಿ ಕರೆದೊಯ್ಯುವುದಾದರೆ ಗಾರ್ಡ್ ಡಬ್ಬಿಯ ಪೆಟ್ಟಿಗೆ ಬೇಡ, ತೇಕುವ ನಾಯಿಗೆ ಆ ಸೆಕೆ ತಡೆಯದು. ಫಸ್ಟ್ ಕ್ಲಾಸ್ ಕೂಪೆ ಸಿಗದಿದ್ದರೆ ಪ್ರಯಾಣವನ್ನೇ ಬಿಡಿ. ಮಾತ್ರೆ ಹತ್ತು ದಿನಕ್ಕೆ ಹೆಚ್ಚಿಗೆ ಇಟ್ಟುಕೊಳ್ಳಿ, ಕೊನೆಯ ಮೂರು ಪಿಸಿವಿ ರಿಪೋರ್ಟ್ ಮೊಬೈಲಿನಲ್ಲಿರಲಿ. ಪ್ರಶ್ನೆಗಳಿದ್ದರೆ ಕೇಳಬಹುದು.