ಅಂಕಿ ತೋರ್ಸೋ ಕ್ಯಾಲಿಪರ್, ಅಳತೆ ಕೊಡೋ ಕ್ಯಾಲಿಪರ್

ಹಾಸನ ಆಕಾಶವಾಣಿ ಕೇಳ್ತಾ ಇರೋ ಎಲ್ರಿಗೂ ನಮಸ್ಕಾರ. ಲೇಥ್ ಪಕ್ಕ ರೇಡಿಯೋ ಹಾಕ್ಕೊಂಡು ಕೆಲಸ ಮಾಡ್ತಿರೋರು ಸ್ವಲ್ಪ ಹೊತ್ತು ಮೋಟ್ರು ಆಫ್ ಮಾಡಿ, ಇವತ್ತಿನ ಮಾತು ನಿಮ್ಮ ಟೇಬಲ್ ಮೇಲಿರೋ ಕ್ಯಾಲಿಪರ್ ಬಗ್ಗೆ, ಅಂದ್ರೆ ಎರಡು ದವಡೆ ನಡುವೆ ವಸ್ತು ಹಿಡಿದು ಅಳತೆ ನೋಡೋ ಸಾಧನ. ನಮ್ಮಲ್ಲಿ ಸುಮಾರು ಜನ ಅದನ್ನ ವರ್ನಿಯರ್ ಅಂತಾನೇ ಕರೆಯೋದು, ಡಿಜಿಟಲ್ ಆದ್ರೂ ವರ್ನಿಯರ್ರೇ.

ನಾನು ಬಿ.ಎಂ. ರೋಡಲ್ಲಿ ಸಣ್ಣದೊಂದು ಲೇಥ್ ಶಾಪ್ ಹಾಕಿದ ಮೊದಲನೇ ವರ್ಷ, ಕಾಫಿ ಕುಯ್ಲು ಜೋರಾಗಿ ನಡೀತಿದ್ದ ಟೈಮು. ಸಕಲೇಶಪುರದ ಕಡೆ ಎಸ್ಟೇಟೊಂದರ ರೈಟರು, ಅಂದ್ರೆ ಲೆಕ್ಕ ಬರೆಯೋರು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ಮೆಷಿನ್ನಿನ ಶಾಫ್ಟ್ ಜೀಪಲ್ಲಿ ಹಾಕ್ಕೊಂಡು ಬಂದ್ರು, ಬೇರಿಂಗ್ ಕೂರೋ ಜಾಗ ಪೂರ್ತಿ ಸವೆದಿತ್ತು. "ಅಣ್ಣ, ಹಣ್ಣು ಕುಯ್ದು ರಾಶಿ ಹಾಕಿದೀವಿ, ಸಾಯಂಕಾಲದೊಳಗೆ ಆಗ್ಲೇಬೇಕು" ಅಂದ್ರು. ಅವ್ರು ಹೇಳಿದ್ದು ಸರೀನೇ, ಹಣ್ಣು ಕುಯ್ದ ದಿನಾನೇ ಪಲ್ಪ್ ಆಗ್ಬೇಕು, ರಾಶೀಲೇ ಬಿಟ್ರೆ ಬಿಸಿ ಏರಿ ಹುಳಿ ಬರುತ್ತೆ. ನಾನು ವೆಲ್ಡಿಂಗ್ ತುಂಬಿ, ಆರೋಕೂ ಬಿಡದೆ ಲೇಥಿಗೆ ಹಾಕಿ, 6205 ಬೇರಿಂಗಿಗೆ ಬೇಕಾದ 25 ಎಂಎಂಗೆ ಇಳಿಸಿದೆ. ಕೆಲವು ನೂರು ರೂಪಾಯಿಗೆ ತಂದಿದ್ದ ಡಿಜಿಟಲ್ ಕ್ಯಾಲಿಪರ್ 25.00 ಅಂತ ತೋರಿಸ್ತು, ನಂಗೆ ಖುಷಿ ಆಯ್ತು, ಕಳಿಸ್ಬಿಟ್ಟೆ.

ಮಾರನೇ ದಿನ ಬೆಳಿಗ್ಗೆ ಶಾಫ್ಟ್ ವಾಪಸ್ ಬಂತು. ಬೇರಿಂಗ್ ಒಳಗಿನ ಬಳೆ ಶಾಫ್ಟ್ ಮೇಲೇ ತಿರುಗಿ, ಕೂರೋ ಜಾಗದ ತುಂಬಾ ನೀಲಿ ಬಣ್ಣದ ಗೀರು. ಗೀರು ಬೀಳದೆ ಉಳಿದಿದ್ದ ಅಂಚಿಗೆ ನನ್ನ ಮೇಸ್ತ್ರಿ ಕೊಟ್ಟಿದ್ದ ಹಳೇ ಗೆರೆ ವರ್ನಿಯರ್ ಹಿಡಿದೆ, 24 ದಾಟಿ 48ನೇ ಗೆರೆ ಕೂಡ್ತು, ಅಂದ್ರೆ 24.96. ಆಮೇಲೆ ಆ ಡಿಜಿಟಲ್ಲು ತಗೊಂಡು ದವಡೆ ಮುಚ್ಚಿ ನೋಡಿದ್ರೆ ಸೊನ್ನೆ ಬದಲು 0.03 ತೋರಿಸ್ತಿದೆ. ಮುಚ್ಚಿದಾಗ್ಲೇ 0.03 ಇದ್ರೆ ಅಳೆದಿದ್ದೆಲ್ಲಾ ಅಷ್ಟು ಜಾಸ್ತಿ. ಇನ್ನು ಎಂಎಂನ ನೂರನೇ ಒಂದು ಭಾಗ ಬಿಸಿ ತಿಂದಿತ್ತು, ಮೈಕ್ರಾನ್ ಅಂದ್ರೆ ಎಂಎಂನ ಸಾವಿರದ ಒಂದು ಭಾಗ, ಉಕ್ಕು ಒಂದು ಡಿಗ್ರಿಗೆ ಮೀಟರಿಗೆ ಹನ್ನೊಂದೂವರೆ ಮೈಕ್ರಾನ್ ಹಿಗ್ಗುತ್ತೆ, 25 ಎಂಎಂ ಜಾಬು 35 ಡಿಗ್ರಿ ಬಿಸಿ ಜಾಸ್ತಿ ಇದ್ರೆ ಸುಮಾರು 10 ಮೈಕ್ರಾನ್. ಎಸ್ಟೇಟಿನವರ ಒಂದು ದಿನದ ಹಣ್ಣು ಕೆಟ್ಟಿದ್ದು ನನ್ನ ಕೈಯಿಂದ, ಆ ಸಂಕಟ ನನಗಿನ್ನೂ ಇದೆ.

ಹಾಗಾಗಿ ಕ್ಯಾಲಿಪರ್ ತಗೊಳ್ಳೋಕೆ ಹೋದಾಗ ಪರದೆ ಮೇಲೆ ಎಷ್ಟು ಅಂಕಿ ಬರುತ್ತೆ ಅನ್ನೋದನ್ನ ಮೊದ್ಲು ನೋಡ್ಬೇಡಿ. 0.01 ತೋರ್ಸೋದು ಬೇರೆ, 0.01ರಷ್ಟು ಸರಿಯಾಗಿರೋದು ಬೇರೆ. ಜಪಾನಿನ ಮಿಟುಟೊಯೊದಂಥ ಕಂಪನಿನೇ ತನ್ನ 150 ಎಂಎಂ ಡಿಜಿಟಲ್ಲಿಗೆ 0.02 ಆಚೆ ಈಚೆ ಆಗ್ಬಹುದು ಅಂತ ಬರೆದು ಕೊಡುತ್ತೆ, ಇನ್ನು ಹೆಸರಿಲ್ಲದ ಡಬ್ಬೀಲಿ ಬರೋದರ ಮೇಲೆ ಎಷ್ಟು ನಂಬಿಕೆ ಇಡೋದು ನೀವೇ ಲೆಕ್ಕ ಹಾಕಿ.

ಅಂಗಡೀಲಿ ನಿಂತು ಏನು ನೋಡ್ಬೇಕು ಅಂದ್ರೆ, ಒಂದು ಒಗೆದ ಹತ್ತಿ ಬಟ್ಟೆ ಜೇಬಲ್ಲಿ ಇಟ್ಕೊಂಡು ಹೋಗಿ. ದವಡೆ ಎರಡೂ ಒರೆಸಿ, ನಿಧಾನಕ್ಕೆ ಮುಚ್ಚಿ, ಟ್ಯೂಬ್‌ಲೈಟಿಗೆ ಅಡ್ಡ ಹಿಡೀರಿ, ಬುಡದಿಂದ ತುದಿ ತನಕ ಕತ್ತಲೆ ಇರ್ಬೇಕು, ತುದೀಲಿ ಕೂದಲೆಳೆಯಷ್ಟು ಬೆಳಕು ಕಂಡ್ರೂ ವಾಪಸ್ ಕೊಡಿ. ಆಮೇಲೆ ಸ್ಲೈಡ್ ಪೂರ್ತಿ ಎಳೀರಿ, ಉದ್ದಕ್ಕೂ ಒಂದೇ ಹದದಲ್ಲಿ ಬರ್ಬೇಕು, ಒಂದು ಕಡೆ ಬಿಗಿ ಇನ್ನೊಂದು ಕಡೆ ಸಡಿಲ ಇದ್ರೆ ಆ ಪೀಸ್ ಬೇಡ. ಹತ್ತು ಸಲ ತೆಗೆದು ಮುಚ್ಚಿ, ಹತ್ತು ಸಲಾನೂ ಸೊನ್ನೆಗೇ ಬರ್ಬೇಕು, ಅದರಲ್ಲಿ ಒಂದೆರಡು ಸಲ ಜೋರಾಗಿ ಎಳೀರಿ, ಅಗ್ಗದ ಡಿಜಿಟಲ್ಲು ತಪ್ಪೋದೇ ಅಲ್ಲಿ.

ಅಳತೆ ಸಾಧನ ಪರೀಕ್ಷೆ ಮಾಡೋ ನಿಖರ ಉಕ್ಕಿನ ತುಂಡು, ಸ್ಲಿಪ್ ಗೇಜ್, ಎಲ್ಲರ ಹತ್ರ ಇರಲ್ಲ, ನಾನು ಮಾಡೋದು ಏನಂದ್ರೆ ಒಳ್ಳೆ ಕಂಪನಿಯ ಹೊಸ 6205 ಬೇರಿಂಗ್ ಒಂದನ್ನ ಪ್ಯಾಕೆಟ್ ಸಮೇತ ಎತ್ತಿಟ್ಟಿದೀನಿ. ಅದರ ಹೊರಗಿನ ಅಳತೆ 52 ಎಂಎಂ, ಹೆಚ್ಚು ಅಂದ್ರೆ 13 ಮೈಕ್ರಾನ್ ಕಮ್ಮಿ ಇರ್ಬಹುದು, ತೂತು 25, ಅಲ್ಲಿ 10 ಮೈಕ್ರಾನ್. ಕ್ಯಾಲಿಪರಿನ ಯೋಗ್ಯತೆ ನೋಡೋಕೆ ಇಷ್ಟು ಸಾಕು. ಬೇರಿಂಗನ್ನ ದವಡೆ ಬುಡದಲ್ಲಿ, ನಡುವೆ, ತುದೀಲಿ ಮೂರು ಕಡೆ ಹಿಡಿದು ನೋಡಿ, ಮೂರೂ ಒಂದೇ ಬಂದ್ರೆ ದವಡೆ ನೆಟ್ಟಗಿದೆ. ಮೇಲಿನ ಸಣ್ಣ ದವಡೆಯಿಂದ ತೂತು ಅಳೀರಿ, ಅಲ್ಲಿ ಒಂಚೂರು ಕಮ್ಮಿ ತೋರ್ಸುತ್ತೆ, ಯಾಕಂದ್ರೆ ಆ ಚೂಪಿಗೂ ಸ್ವಲ್ಪ ಚಪ್ಪಟೆ ಇರುತ್ತೆ, ತೂತು ಚಿಕ್ಕದಾದಷ್ಟೂ ಈ ತಪ್ಪು ದೊಡ್ಡದಾಗುತ್ತೆ.

ಗೆರೆದೋ ಡಿಜಿಟಲ್ಲೋ ಅಂತ ಹುಡುಗರು ಕೇಳ್ತಾನೇ ಇರ್ತಾರೆ. ಕೆಲಸ ಕಲಿಯೋರು ಮೊದಲು ಗೆರೆದೇ ತಗೊಳ್ಳಿ ಅಂತೀನಿ. ಪಿಯೆರ್ ವರ್ನಿಯೆ ಅನ್ನೋ ಫ್ರೆಂಚ್ ಗಣಿತದವರು 1631ರಲ್ಲಿ ಕೊಟ್ಟ ಉಪಾಯ ಅದು, 49 ಎಂಎಂ ಉದ್ದಾನ 50 ಭಾಗ ಮಾಡಿದ್ರೆ ಒಂದೊಂದು ಭಾಗ 0.98, ಮೇಲಿನ ಒಂದು ಎಂಎಂಗೂ ಇದಕ್ಕೂ ವ್ಯತ್ಯಾಸ 0.02, ಎಷ್ಟನೇ ಗೆರೆ ಕೂಡುತ್ತೋ ಅಷ್ಟು ಸಲ 0.02 ಎಣಿಸ್ಕೊಂಡ್ರೆ ಆಯ್ತು. ಸೆಲ್ ಬೇಡ, ಮಂಜಿಗೆ ಅಂಜಲ್ಲ. ಗೆರೆ ಎದುರು ಕಣ್ಣು ನೆಟ್ಟಗಿರ್ಬೇಕು ಅಷ್ಟೇ, ಓರೆ ನೋಡಿದ್ರೆ ಪಕ್ಕದ ಗೆರೆ ಕೂಡಿದ ಹಾಗೆ ಕಾಣುತ್ತೆ.

ದಿನಕ್ಕೆ ನೂರಾರು ಪೀಸ್ ಅಳೆಯೋರಿಗೆ ಡಿಜಿಟಲ್ಲೇ ಸರಿ, ಆದ್ರೆ ಜಾಬು ತಣ್ಣಗಿಡೋ ಕೂಲೆಂಟ್ ದ್ರವ ಹಾಕಿ ಕೆಲಸ ಮಾಡೋರು ಐಪಿ 67 ಅಂತ, ಅಂದ್ರೆ ಧೂಳು ನೀರು ಒಳಗೆ ಹೋಗಲ್ಲ ಅಂತ ಬರೆದಿರೋದೇ ತಗೊಳ್ಳಿ, ಸಾದಾ ಡಿಜಿಟಲ್ಲಿನ ಪಟ್ಟಿ ಮೇಲೆ ಕೂಲೆಂಟೋ ನೀರಿನ ಪಸೆಯೋ ಕೂತ್ರೆ ಅಂಕಿ ಅಲೆದಾಡೋಕೆ ಶುರು ಆಗುತ್ತೆ, ಮಳೆಗಾಲದಲ್ಲಿ ಮೂಡಿಗೆರೆ ಕಡೆಯೋರಿಗೆ ಇದು ಗೊತ್ತಿರೋ ಕಾಟ. ಸೆಲ್ಲು ಎಲ್‌ಆರ್ 44 ಬದಲು ಎಸ್‌ಆರ್ 44 ಹಾಕಿ, ಗಾತ್ರ ಒಂದೇ, ವೋಲ್ಟೇಜ್ ಕೊನೇ ತನಕ ಬೀಳದೆ ನಿಲ್ಲುತ್ತೆ. ಸೈಜು 150 ಎಂಎಂ ಸಾಕು, ನಮ್ಮ ಶಾಪಿನ ಹತ್ತರಲ್ಲಿ ಒಂಬತ್ತು ಕೆಲಸ ಅದರಲ್ಲೇ ಮುಗಿಯುತ್ತೆ.

ಆದ್ರೆ ಒಂದು ಮಾತು, ಎಷ್ಟೇ ಸಾವಿರ ಕೊಟ್ಟು ತಂದ ಕ್ಯಾಲಿಪರ್ ಆದ್ರೂ ಬೇರಿಂಗ್ ಕೂರೋ ಜಾಗದ ಕೊನೇ ಅಳತೆಗೆ ಅದನ್ನ ನಂಬ್ಬೇಡಿ. ಅಂಥ 25 ಎಂಎಂ ಶಾಫ್ಟಿಗೆ ಬೇರಿಂಗ್ ಬಿಗಿಯಾಗಿ ಕೂರೋಕೆ ಸಾಮಾನ್ಯವಾಗಿ ಕೊಡೋ ಕೆ6 ಅನ್ನೋ ಫಿಟ್ 25.002ರಿಂದ 25.015ರೊಳಗೆ, ಬರೀ 13 ಮೈಕ್ರಾನ್ ಜಾಗ, ಕ್ಯಾಲಿಪರಿನ ತಪ್ಪೇ 20 ಮೈಕ್ರಾನ್. ದವಡೆ ಒಂದು ಕಡೆ, ಸ್ಕೇಲು ಇನ್ನೊಂದು ಕಡೆ ಇರೋದ್ರಿಂದ ಸ್ವಲ್ಪ ಗಟ್ಟಿ ಒತ್ತಿದ್ರೂ ದವಡೆ ವಾಲುತ್ತೆ. ಸ್ಕ್ರೂ ತಿರುಗಿಸಿ ಅಳೆಯೋ ಮೈಕ್ರೋಮೀಟರಲ್ಲಿ ಜಾಬು, ಸ್ಕ್ರೂ ಎರಡೂ ಒಂದೇ ಗೆರೇಲಿ ಇರುತ್ತೆ, ವಾಲೋ ಮಾತೇ ಇಲ್ಲ. ಕ್ಯಾಲಿಪರಲ್ಲಿ 25.10 ತನಕ ಇಳಿಸಿ, ಜಾಬು ಆರೋಕೆ ಬಿಡಿ, ಅಲ್ಲಿಂದ ಮುಂದೆ ಮೈಕ್ರೋಮೀಟರ್ ಹಿಡೀರಿ.

ಆ ರೈಟರು ಈಗ್ಲೂ ನಮ್ಮ ಶಾಪಿಗೇ ಬರ್ತಾರೆ. ಶಾಫ್ಟ್ ಆರೋ ತನಕ ಇಬ್ರೂ ಕೂತು ಕಾಫಿ ಕುಡೀತೀವಿ, ಅವ್ರು ಅವಸರ ಮಾಡಲ್ಲ. ನಮಸ್ಕಾರ.