ಬ್ಯಾಂಕಾಕ್‌ನಲ್ಲಿ ಒಬ್ಳೇ ಒಂದಿನ: ‘ಸಾಮಿ’ ಎಲ್ಲಿ ಅಂತ ಕೇಳಿದ ಅಜ್ಜಿ

ನಮಸ್ಕಾರ ಎಲ್ರಿಗೂ. ಬೆಳಿಗ್ಗೆ ಏಳೂವರೆ, ಬ್ಯಾಂಕಾಕ್‌ನ ಬಿಟಿಎಸ್ ಒಳಗಿದೀನಿ, ನಮ್ಮ ಮೆಟ್ರೋ ಥರಾನೇ ಮೇಲೆ ಓಡೋ ಟ್ರೇನು. ಒಂದ್ನಿಮಿಷ ನಾನು ಸುಮ್ನಿರ್ತೀನಿ, ನೀವು ಅನೌನ್ಸ್‌ಮೆಂಟ್ ಕೇಳಿ.

(ಟ್ರೇನ್ ಅನೌನ್ಸ್‌ಮೆಂಟ್, ಐದು ಸೆಕೆಂಡ್)

"ಸಥಾನಿ ತೋ ಪೈ" ಅಂದ್ಲು ಅಲ್ವಾ? ತೋ ಪೈ ಅಂದ್ರೆ ಮುಂದಿನದು. ಸಥಾನಿ ಅಂದ್ರೆ ಸ್ಟೇಷನ್ನು, ಅಂದ್ರೆ ನಮ್ಮ ಸ್ಥಾನ ಕಣ್ರೀ! ಮೊದಲ್ನೇ ದಿನ ಇದು ತಲೆಗೆ ಹೊಳೆದಿದ್ದೇ ತಡ, ಆಮೇಲೆ ಈ ಊರಲ್ಲಿ ಯಾವ ಬೋರ್ಡ್ ನೋಡಿದ್ರೂ, ಯಾರು ಏನ್ ಅಂದ್ರೂ, ಇದರೊಳಗೆ ನಮ್ಮ ಪದ ಎಲ್ಲಿ ಅಡಗಿದೆ ಅಂತ ಹುಡುಕೋದೇ ಕೆಲ್ಸ ಆಗೋಗಿದೆ. ಅದಕ್ಕೇ ಇವತ್ತಿನ ವಿಡಿಯೋದಲ್ಲಿ ಟಾಪ್ ಟೆನ್ ಜಾಗ ಗೀಗ ಏನೂ ಇಲ್ಲ, ನಾಲ್ಕೇ ಜಾಗ, ಜೊತೆಗೆ ಒಂದಷ್ಟು ಪದ.

ಮೊದ್ಲು ರೂಲ್ ಹೇಳ್ಬಿಡ್ತೀನಿ, ಸಿಂಪಲ್ಲಾಗಿದೆ. ಸಂಸ್ಕೃತ, ಪಾಳಿ ಪದಗಳು ಥಾಯ್ ಭಾಷೇಲಿ ರಾಶಿ ಇವೆ, ಕೆಲವು ನೇರವಾಗಿ ಬಂದಿವೆ, ಕೆಲವು ಪಕ್ಕದ ಖ್ಮೇರ್ ಭಾಷೆ ಮೂಲಕ. ಬರೆಯುವಾಗ ಹಳೇ ಅಕ್ಷರ ಉಳಿಸ್ಕೊಂಡಿದಾರೆ, ಓದುವಾಗ ಮಾತ್ರ ಬಾಯಿ ಬೇರೆ. ಪದದ ಕೊನೇಲಿ ರ, ಲ ಬಂದ್ರೆ ಅದು ನ್ ಆಗುತ್ತೆ, ಶ, ಸ ಬಂದ್ರೆ ತ್ ಆಗುತ್ತೆ. ದ ಹೋಗಿ ಥ, ಗ ಹೋಗಿ ಖ, ಭ ಹೋಗಿ ಫ. ಆಹಾರ ಅಂತ ಬರ್ದು ಆಹಾನ್ ಅಂತಾರೆ, ಆಕಾಶ ಆಕಾತ್, ನಗರ ನಖೋನ್. ಏರ್‌ಪೋರ್ಟ್ ಹೆಸ್ರು ಸುವರ್ಣಭೂಮಿ, ಟ್ಯಾಕ್ಸಿಯವ್ರಿಗೆ ಹಂಗಂದ್ರೆ ಮುಖ ಮುಖ ನೋಡ್ತಾರೆ, ಸುವನ್ನಫೂಮ್ ಅನ್ಬೇಕು. ಬ್ಯಾಂಕ್‌ಗೆ ಥನಾಖಾನ್, ಅಂದ್ರೆ ಧನಾಗಾರ. ಫೋನಿಗೆ ಥೋರಸಪ್, ದೂರಶಬ್ದ! ಟಿವಿಗೆ ಥೋರಥತ್ ಅಂತಾರೆ, ಅದು ಏನು ಅಂತ ಯೋಚ್ನೆ ಮಾಡಿ, ನಮ್ಮನೇಲೂ ಒಂದು ಕಾಲದಲ್ಲಿ ಭಾನುವಾರ ಅದನ್ನೇ ಹಾಕ್ತಿದ್ದಿದ್ದು. ಹೌದು, ದೂರದರ್ಶನ.

ಸರಿ, ಸಫಾನ್ ತಕ್ಸಿನ್ ಸ್ಟೇಷನ್ ಬಂತು, ಇಳಿದು ಕೆಳಗೆ ಬಂದ್ರೆ ಸಾಥೋನ್ ದೋಣಿ ಕಟ್ಟೆ. ಇಲ್ಲಿ ಟೂರಿಸ್ಟ್ ಬೋಟ್ ಟಿಕೆಟ್ ಮಾರೋರು ಮೊದ್ಲು ಸಿಗ್ತಾರೆ, ಅವ್ರನ್ನ ದಾಟಿ ಕಿತ್ತಳೆ ಬಾವುಟದ ಬೋಟ್ ಹಿಡೀರಿ, ಎಲ್ಲಿ ಇಳಿದ್ರೂ 16 ಬಾತ್ (ಬಾತ್ ಅಂದ್ರೆ ಇಲ್ಲಿನ ದುಡ್ಡು), ಆಫೀಸಿಗೆ ಹೋಗೋ ಜನ, ಯೂನಿಫಾರ್ಮ್ ಹಾಕಿರೋ ಮಕ್ಕಳು ಎಲ್ಲಾ ಇದರಲ್ಲೇ. ಬೋಟಲ್ಲಿ ಭಿಕ್ಷುಗಳು ನಿಲ್ಲೋಕೆ ಬೇರೆ ಜಾಗ ಇರುತ್ತೆ, ನಾವು ಹೆಣ್ಮಕ್ಳು ಅವ್ರ ಪಕ್ಕ ಹೋಗಿ ಕೂರ್ಬಾರ್ದು, ಮೈ ತಾಗ್ಬಾರ್ದು, ಅದು ಅವ್ರ ವ್ರತ. ಗೊತ್ತಿಲ್ದೆ ನಾನು ಅಲ್ಲೇ ಹೋಗಿ ನಿಂತಿದ್ದೆ, ಕಂಡಕ್ಟರಮ್ಮ ನಾಣ್ಯದ ಡಬ್ಬಿ ಕಟಕಟ ಅನ್ನಿಸ್ಕೊಂಡು ಬಂದು ಕಣ್ಣಲ್ಲೇ ಆಚೆ ಕಳಿಸಿದ್ರು.

(ತಾ ಚಾಂಗ್ ಕಟ್ಟೆ, ಅರಮನೆ ಗೋಡೆ)

ತಾ ಚಾಂಗಲ್ಲಿ ಇಳಿದು ಅರಮನೆ ಕಡೆ ನಡೀತಿದ್ದೆ, ಒಬ್ಬ ನೀಟಾಗಿ ಇಸ್ತ್ರಿ ಶರ್ಟ್ ಹಾಕಿದ್ದ ಯಜಮಾನ್ರು ಬಂದು "ಯೂ ಫ್ರಮ್ ಇಂಡಿಯಾ? ಪ್ಯಾಲೇಸ್ ಕ್ಲೋಸ್ಡ್, ಪೂಜೆ ನಡೀತಿದೆ, ಒಂದು ಗಂಟೆಗೆ ತೆಗೀತಾರೆ, ಅಲ್ಲೀವರ್ಗೂ 20 ಬಾತ್‌ಗೆ ಟುಕ್‌ಟುಕ್‌ನಲ್ಲಿ ಬೇರೆ ದೇವಸ್ಥಾನ ತೋರಿಸ್ತೀನಿ" ಅಂದ್ರು. ಇದು ಬ್ಯಾಂಕಾಕ್‌ನ ಹಳೇ ನಾಟಕ, ಆ ಟುಕ್‌ಟುಕ್ ಕೊನೆಗೆ ನಿಲ್ಲೋದು ಯಾವ್ದೋ ಹರಳಿನ ಅಂಗಡಿ ಮುಂದೆ. ನಗ್ತಾ ಕೈ ಮುಗಿದು ಮುಂದೆ ಹೋಗ್ತಾ ಇರಿ, ಗೇಟ್ ಹತ್ರ ಹೋಗಿ ನಿಮ್ಮ ಕಣ್ಣಲ್ಲೇ ನೋಡಿ. ಎಂಟೂವರೆಗೆ ತೆಗೆದೇ ಇತ್ತು.

ಟಿಕೆಟ್ 500 ಬಾತ್, ಕೈ ನಡುಗುತ್ತೆ ನಿಜ, ಒಂದು ಬಾತ್ ಅಂದ್ರೆ ಎರಡೂವರೆ ರೂಪಾಯಿಗೂ ಮೇಲೆ. ಭುಜ, ಮಂಡಿ ಮುಚ್ಚೋ ಬಟ್ಟೆ ಕಡ್ಡಾಯ. 1782ರಲ್ಲಿ ಒಂದನೇ ರಾಮ ಅನ್ನೋ ರಾಜ ರಾಜಧಾನೀನ ನದಿಯ ಈ ದಡಕ್ಕೆ ತಂದಾಗ ಕಟ್ಟೋಕೆ ಶುರು ಮಾಡಿದ್ದು. ಅರಮನೆ ಆವರಣದ ದೇವಸ್ಥಾನದಲ್ಲಿರೋ ಮರಕತ ಬುದ್ಧನನ್ನ ಎಲ್ರೂ ನೋಡ್ತಾರೆ, ಒಳಗೆ ಫೋಟೋ ತೆಗೆಯಂಗಿಲ್ಲ, ಬೇಸಿಗೆ ಮಳೆ ಚಳಿ ಅಂತ ವರ್ಷಕ್ಕೆ ಮೂರು ಸಲ ಆ ಮೂರ್ತಿಗೆ ಬಟ್ಟೆ ಬದಲಾಗುತ್ತೆ, ಬದಲಾಯಿಸೋದು ಸ್ವತಃ ರಾಜ. ಆದ್ರೆ ನಾನು ಎರಡು ಗಂಟೆ ಕಳೆದಿದ್ದು ಹೊರಗಿನ ಪ್ರಾಕಾರದಲ್ಲಿ. ಗೋಡೆ ತುಂಬಾ ರಾಮಕಿಯೆನ್, ಇವ್ರ ರಾಮಾಯಣ, 178 ಚಿತ್ರ, ಚಿನ್ನದ ಕೆಲ್ಸ.

ಇಲ್ಲಿ ರಾವಣನ ಹೆಸ್ರು ಥೋತ್ಸಕನ್. ದಶಕಂಠ! ಹಸಿರು ಮೈಯವ್ನು, ಬಾಗಿಲಲ್ಲಿ ಕಾವಲು ನಿಂತಿದಾನೆ, ಎಷ್ಟು ಚೆಂದ ಅಂದ್ರೆ ನಮ್ಮ ಯಕ್ಷಗಾನದ ಬಣ್ಣದ ವೇಷದವ್ರನ್ನ ತಂದು ಪಕ್ಕ ನಿಲ್ಲಿಸ್ಬೇಕು ಅನ್ಸುತ್ತೆ. ಇನ್ನು ನಮ್ಮ ಆಂಜನೇಯ, ಅಜ್ಜಿ ಕೇಳಿಸ್ಕೊಂಡ್ರೆ ಬೈತಾರೆ, ಇಲ್ಲಿ ಆಂಜನೇಯ ಬ್ರಹ್ಮಚಾರಿ ಅಲ್ಲ. ಸೇತುವೆ ಕಟ್ಟುವಾಗ ಹಾಕಿದ ಕಲ್ಲೆಲ್ಲ ರಾತ್ರೋರಾತ್ರಿ ಮಾಯ ಆಗ್ತಿರುತ್ತಂತೆ, ಯಾರಪ್ಪಾ ಅಂತ ನೀರಿಗೆ ಹಾರಿ ನೋಡಿದ್ರೆ ಸುವನ್ನಮಚ್ಛಾ, ಅಂದ್ರೆ ಸುವರ್ಣಮತ್ಸ್ಯ, ರಾವಣನ ಮಗಳು, ಅರ್ಧ ಮೀನು. ಜಗಳ ಆಡೋಕೆ ಹೋದವ್ನು ಪ್ರೀತಿಲಿ ಬಿದ್ದ, ಮಚ್ಛಾನು ಅಂತ ಮಗ ಬೇರೆ. ಆ ಕಥೆ ಗೊತ್ತಾದ್ಮೇಲೆ ಪ್ರಾಕಾರದಲ್ಲಿ ಎಲ್ಲಿ ಬಿಳೀ ಕೋತಿ ಕಂಡ್ರೂ ನಂಗೆ ನಗು ಬರ್ತಿತ್ತು. ನಮ್ದೇ ಸರಿ ಅಂತ ಹಿಡ್ಕೊಂಡ್ರೆ ಇದನ್ನ ಎಂಜಾಯ್ ಮಾಡಕ್ಕಾಗಲ್ಲ, ಕಥೆ ಸಮುದ್ರ ದಾಟಿ ಬಂದಿದೆ, ಒಂಚೂರು ಒದ್ದೆ ಆಗಿರುತ್ತೆ ಬಿಡಿ.

ಊಟಕ್ಕೆ ಬನ್ನಿ. ವೆಜ್ ಅಂದ್ರೆ ಇಲ್ಲಿ ಸಿಗಲ್ಲ ಅಂತ ಎಲ್ರೂ ಹೆದರಿಸಿರ್ತಾರೆ, ಪೂರ್ತಿ ಸುಳ್ಳೂ ಅಲ್ಲ, ತರಕಾರಿ ಪಲ್ಯ ಅಂತ ಕೊಟ್ಟಿದ್ರಲ್ಲೂ ಮೀನಿನ ಸಾಸ್ ಇರುತ್ತೆ. ಹೇಳ್ಬೇಕಾದ ಪದ ಮಂಗ್ಸವಿರತ್. ಮಾಂಸ ವಿರತಿ! ಇನ್ನೂ ಸೇಫ್ ಬೇಕಾ, ಹಳದಿ ಬಾವುಟದ ಮೇಲೆ ಕೆಂಪಕ್ಷರ ಇರೋ ಅಂಗಡಿ ಹುಡ್ಕಿ, ಅದು "ಜೇ" ಊಟ, ಚೀನೀ ಬೌದ್ಧರ ಪದ್ಧತಿ, ಮೀನಿಲ್ಲ ಮೊಟ್ಟೆ ಇಲ್ಲ, ಈರುಳ್ಳಿ ಬೆಳ್ಳುಳ್ಳೀನೂ ಇಲ್ಲ. ಏಕಾದಶಿ ಮಾಡೋ ನಮ್ಮತ್ತೆ ಬಂದ್ರೂ ಬದುಕ್ಕೋತಾರೆ. ಮೇಲೊಂದು ಪ್ಲೇಟ್ ಮಾವಿನಹಣ್ಣು, ಕಾಯಿಹಾಲು ಹಾಕಿದ ಅಂಟು ಅನ್ನ, ಅದ್ರ ಬಗ್ಗೆ ಮಾತಾಡಲ್ಲ, ತಿಂದು ನೋಡಿ.

(ವಾಟ್ ಫೋ, ನಾಣ್ಯದ ಸದ್ದು)

ವಾಟ್ ಅಂದ್ರೆ ದೇವಸ್ಥಾನ. ವಾಟ್ ಫೋ, 300 ಬಾತ್. 46 ಮೀಟರ್ ಉದ್ದ ಮಲಗಿರೋ ಬುದ್ಧ, ಒಂದೇ ಫ್ರೇಮಿಗೆ ಹಿಡಿಸಲ್ಲ, ಪಾದದ ತಳದಲ್ಲಿ ಮುತ್ತಿನ ಚಿಪ್ಪಿನಲ್ಲಿ ಕೂರಿಸಿದ 108 ಮಂಗಳ ಚಿಹ್ನೆ. ಬೆನ್ನ ಹಿಂದೆ ಸಾಲಾಗಿ 108 ಕಂಚಿನ ಪಾತ್ರೆ, ಒಂದೊಂದಕ್ಕೂ ಒಂದು ಚಿಲ್ಲರೆ ಹಾಕ್ತಾ ಹೋಗೋದು, ಟಣ್ ಟಣ್ ಅಂತ ಆ ಸದ್ದು ಇಡೀ ಹಾಲಲ್ಲಿ ನಿಲ್ಲೋದೇ ಇಲ್ಲ. ಒಬ್ರೇ ಬಂದಿದ್ರೆ ಇಲ್ಲಿ ಬೇಜಾರಾಗಲ್ಲ, ಕೈಗೆ ಕೆಲ್ಸ ಇರುತ್ತೆ.

ಆಚೆ ದಡಕ್ಕೆ ಹೋಗೋಕೆ ತಾ ತಿಯೆನ್‌ನಿಂದ ದಾಟೋ ದೋಣಿ, 5 ಬಾತ್. ಪಕ್ಕದಲ್ಲಿ ಒಬ್ರು ಅಜ್ಜಿ, "ಸವತ್‌ದೀ ಖಾ" ಅಂದೆ, ಇಲ್ಲಿನ ನಮಸ್ಕಾರ, ಖುಷಿಯಾದ್ರು. ಅದು ಸ್ವಸ್ತಿ, ನಮ್ಮ ಶಾಸನಗಳು "ಸ್ವಸ್ತಿ ಶ್ರೀ" ಅಂತ ಶುರು ಆಗುತ್ತಲ್ಲ, ಅದೇ. ಆದ್ರೆ ಇಲ್ಲಿ ಇದು ಹಳೇ ರೂಢಿ ಏನಲ್ಲ, 1930ರ ದಶಕದಲ್ಲಿ ಚುಲಾಲಾಂಗ್‌ಕಾರ್ನ್ ಯೂನಿವರ್ಸಿಟಿಯ ಒಬ್ಬ ಮೇಷ್ಟ್ರು ಕಟ್ಟಿದ ಪದ, 1943ರಲ್ಲಿ ಸರ್ಕಾರ ಎಲ್ರೂ ಬಳಸಿ ಅಂತ ಹೇಳ್ತು. ಅಜ್ಜಿ ಏನೇನೋ ಕೇಳಿದ್ರು, ನಂಗೆ ಅರ್ಥ ಆಗಿದ್ದು ಒಂದೇ ಪದ, "ಸಾಮಿ". ಓ ಸ್ವಾಮಿ ದರ್ಶನಕ್ಕಾ ಅಂತ ನಾನು ಎದುರಿಗೆ ಕಾಣ್ತಿದ್ದ ವಾಟ್ ಅರುಣ್ ಗೋಪುರ ತೋರಿಸ್ಬಿಟ್ಟೆ. ಅಜ್ಜಿ ಗೋಪುರ ನೋಡಿದ್ರು, ನನ್ನ ನೋಡಿದ್ರು, ಬಿದ್ದು ಬಿದ್ದು ನಗಕ್ಕೆ ಶುರು. ಮೊಬೈಲಲ್ಲಿ ಟ್ರಾನ್ಸ್‌ಲೇಟ್ ಮಾಡಿ ನೋಡಿದ್ರೆ, ಥಾಯ್‌ನಲ್ಲಿ ಸಾಮಿ ಅಂದ್ರೆ ಗಂಡ! ಗಂಡನ ಜೊತೆ ಬಂದ್ಯೇನಮ್ಮ ಅಂತ ಕೇಳಿದ್ದು, ನಾನು ದೇವಸ್ಥಾನದಲ್ಲಿದಾನೆ ಅಂದಂಗಾಯ್ತು. ಗೊತ್ತಿರೋ ಪದ ಅಂತ ನಂಬ್ಕೊಂಡ್ರೆ ಹಿಂಗೇ.

ವಾಟ್ ಅರುಣ್ ಅಂದ್ರೆ ಸೂರ್ಯನ ಸಾರಥಿ ಅರುಣನ ಹೆಸ್ರು. ದೂರದಿಂದ ಕಲ್ಲಿನ ಕೆತ್ತನೆ ಅನ್ಸುತ್ತೆ, ಹತ್ರ ಹೋದ್ರೆ ಪೂರ್ತಿ ಒಡೆದ ಪಿಂಗಾಣಿ ತಟ್ಟೆ ಚೂರು, ಚೀನಾ ಹಡಗುಗಳು ತೂಕಕ್ಕೆ ಅಂತ ತಂದಿದ್ದು, ಅದರಲ್ಲೇ ಹೂವು ಮಾಡಿದಾರೆ.

(ರಾತ್ರಿ, ಎರಾವನ್ ಗುಡಿ, ಟ್ರಾಫಿಕ್)

ಸಂಜೆ ಚಿಟ್ ಲೋಮ್ ಸ್ಟೇಷನ್ ಹತ್ರ ಎರಾವನ್ ಗುಡಿ. ಎರಾವನ್ ಅಂದ್ರೆ ಐರಾವತ, ನಮ್ಗೆ ಕೆಎಸ್‌ಆರ್‌ಟಿಸಿ ವೋಲ್ವೋ ನೆನಪಾಗುತ್ತೆ, ಏನ್ಮಾಡೋದು. ಒಳಗಿರೋದು ನಾಲ್ಕು ಮುಖದ ಬ್ರಹ್ಮ, ನಮ್ಮಲ್ಲಿ ಗುಡೀನೇ ಸಿಗೋದು ಕಷ್ಟ ಇರೋ ದೇವ್ರು, ಇಲ್ಲಿ ಮಾಲ್‌ಗಳ ಮಧ್ಯೆ ಸಿಗ್ನಲ್ ಪಕ್ಕ ಕೂತಿದಾನೆ. 1956ರಲ್ಲಿ ಹೋಟೆಲ್ ಕಟ್ಟುವಾಗ ಅಡಚಣೆ ಮೇಲೆ ಅಡಚಣೆ ಬಂತು ಅಂತ ಜೋಯಿಸರ ಮಾತು ಕೇಳಿ ಇಟ್ಟಿದ್ದು. ಹರಕೆ ತೀರಿದವ್ರು ದುಡ್ಡು ಕೊಟ್ಟು ನೃತ್ಯ ಮಾಡಿಸ್ತಾರೆ, ಪಕ್ಕದಲ್ಲೇ ಬಸ್ ಹಾರ್ನು, ಮೇಲೆ ಟ್ರೇನು.

ಕಾಲು ಸತ್ತೋಗಿದೆ, ರೂಮಿಗೆ ಹೋಗ್ತೀನಿ. ನಾಳೆ ಬೆಳಿಗ್ಗೆ ಅಯುತ್ಥಯಾಗೆ ಥರ್ಡ್ ಕ್ಲಾಸ್ ಟ್ರೇನು, ಕಿಟಕಿ ಸೀಟ್ ಬೇಕಂದ್ರೆ ಬೇಗ ಏಳ್ಬೇಕು. ಅಯುತ್ಥಯಾ ಅಂದ್ರೆ ಯಾವೂರು ಅಂತ ಕಾಮೆಂಟಲ್ಲಿ ನೀವೇ ಹೇಳಿ, ರೂಲ್ ಹೇಳ್ಕೊಟ್ಟಿದೀನಲ್ಲ.