ಹುಡುಕು, ದೊರೆ! ಕನ್ನಡದಲ್ಲಿ ಕ್ರಿಪ್ಟಿಕ್ ಪದಬಂಧ ಬಿಡಿಸೋಣ

[ಗಾಂಧಿ ಬಜಾರ್, ಬೆಳಗ್ಗೆ. ಹೂವಿನ ಬುಟ್ಟಿಗಳು, ಹಿಂದೆ ಆಟೋ ಸದ್ದು. ಪರದೆ ಮೇಲೆ ಒಂದೇ ಸಾಲು]

ಬಸವನಗುಡಿಯ ನಟ್ಟನಡುವೆ ಕಾಡು (2)

ನಮಸ್ಕಾರ. ಈ ಸಾಲನ್ನು ಒಂದು ಸಲ ಓದಿ. ಉತ್ತರ ಏನಿರಬಹುದು?

ಲಾಲ್‌ಬಾಗ್ ಅಂದ್ರಾ? ನಮ್ಮ ಮನೆಯಲ್ಲೂ ಎಲ್ಲರೂ ಮೊದಲು ಅದನ್ನೇ ಹೇಳಿದರು. 240 ಎಕರೆ ತೋಟ ಪಕ್ಕದಲ್ಲೇ ಇದೆ, ನಿಜ. ಆದರೆ ಸಾಲಿನ ಕೊನೆಯಲ್ಲಿರುವ 2 ನೋಡಿ. ಉತ್ತರ ಎರಡೇ ಮನೆಯಲ್ಲಿ, ಅಂದರೆ ಪದಬಂಧದ ಎರಡೇ ಚೌಕದಲ್ಲಿ ಕೂರಬೇಕು. ಬಸವನಗುಡಿಯ ಉದ್ಯಾನ ಕಹಳೆ ಬಂಡೆಯೂ ಅಲ್ಲ. ಈಗ ಊರನ್ನು ಮರೆತುಬಿಡಿ. ಬರೀ ಹೆಸರನ್ನು ನೋಡಿ.

[ಪರದೆ: ಬ | ಸ | ವ | ನ | ಗು | ಡಿ]

ಆರು ಅಕ್ಷರ. ನಟ್ಟನಡುವೆ ಇರುವ ಎರಡು ಯಾವುವು? ವ, ನ. ವನ! ಕಾಡು ಅಂದರೂ ಅದೇ ತಾನೇ?

ಇಷ್ಟು ವರ್ಷ ಈ ಹೆಸರನ್ನು ಬಸ್ಸಿನ ಬೋರ್ಡಿನಲ್ಲಿ ಓದಿದ್ದೇವೆ. ಅದರೊಳಗೆ ಒಂದು ಕಾಡು ಇರುವುದು ಕಂಡಿರಲಿಲ್ಲ, ಅಲ್ವಾ? ನನಗೆ ಈ ಆಟದ ಹುಚ್ಚು ಹಿಡಿದಿದ್ದು ಇದಕ್ಕೇ.

[ಕ್ಯಾಮೆರಾ ನಿರೂಪಕಿಯ ಕಡೆಗೆ. ಕೈಯಲ್ಲಿ ಪೆನ್ಸಿಲ್, ಚೌಕುಳಿ ಪುಸ್ತಕ]

ಮಾಮೂಲಿ ಪದಬಂಧ ನಿಮಗೆ ಗೊತ್ತು. ಅರ್ಥ ಕೊಡುತ್ತಾರೆ, ಪದ ಬರೆಯುತ್ತೀರಿ. ಕ್ರಿಪ್ಟಿಕ್ ಪದಬಂಧದಲ್ಲಿ ಹೆಚ್ಚುಕಡಿಮೆ ಪ್ರತಿ ಸುಳಿವಿನಲ್ಲೂ ಎರಡು ದಾರಿ ಇರುತ್ತವೆ. ಒಂದು ನೇರ ಅರ್ಥ. ಅದು ಸುಳಿವಿನ ಮೊದಲಲ್ಲಿ ಇಲ್ಲವೇ ಕೊನೆಯಲ್ಲಿ ಇರುತ್ತದೆ. ಇನ್ನೊಂದು ಪದದ ಆಟ. ಎರಡು ದಾರಿಯೂ ಒಂದೇ ಉತ್ತರಕ್ಕೆ ಬಂದು ಸೇರಬೇಕು. ಸೇರಿದಾಗ ಉತ್ತರ ಸರಿಯೋ ತಪ್ಪೋ ಅಂತ ಯಾರನ್ನೂ ಕೇಳಬೇಕಾಗಿಲ್ಲ.

ಪದಬಂಧ ಹುಟ್ಟಿದ್ದು ನ್ಯೂಯಾರ್ಕಿನಲ್ಲಿ. 1913ರ ಡಿಸೆಂಬರ್ 21ರಂದು ಆರ್ಥರ್ ವಿನ್ ಅದನ್ನು 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ಹಾಕಿದರು. ಅದಕ್ಕೆ ಈ ಗೂಢ ರೂಪ ಬಂದಿದ್ದು ಇಂಗ್ಲೆಂಡಿನಲ್ಲಿ. 1926ರಿಂದ 'ಅಬ್ಸರ್ವರ್' ಪತ್ರಿಕೆಗೆ ಎಡ್ವರ್ಡ್ ಪೋಯಿಸ್ ಮ್ಯಾಥರ್ಸ್ 'ಟಾರ್ಕೆಮಾಡ' ಅನ್ನುವ ಹೆಸರಿನಲ್ಲಿ ಇಂಥವನ್ನು ಹೆಣೆದರು. ಚರಿತ್ರೆ ಇಷ್ಟು ಸಾಕು. ನನಗೆ ಮುಖ್ಯ ಆಗಿರುವುದು ಈ ಆಟ ಕನ್ನಡಕ್ಕೆ ಬಂದಾಗ ಏನಾಗುತ್ತದೆ ಅನ್ನುವುದು.

[ಪರದೆ: ಲಾಗ ಹಾಕಿದ ಕಪಿ ವಸಂತದಲ್ಲಿ ಹಾಡುತ್ತದೆ (2)]

'ಲಾಗ ಹಾಕಿದ' ಅಂದರೆ ತಲೆಕೆಳಗಾಯಿತು, ಪದವನ್ನು ತಿರುಗಿಸಿ ಓದಿ ಅಂತ. ಕಪಿ ತಿರುಗಿದರೆ ಪಿಕ. ಪಿಕ ಅಂದರೆ ಕೋಗಿಲೆ. ಮಂಗ ಒಂದು ಲಾಗ ಹಾಕಿ ಕೋಗಿಲೆ ಆಯಿತು!

ಇಲ್ಲಿ ಸ್ವಲ್ಪ ನಿಲ್ಲೋಣ. ಇಂಗ್ಲಿಷಿನಲ್ಲಿ ಒಂದು ಮನೆಗೆ ಒಂದು ಲೆಟರ್. ಆ ಲೆಕ್ಕದಲ್ಲಿ ಕಪಿ ಅಂದರೆ ಕ್, ಅ, ಪ್, ಇ. ತಿರುಗಿಸಿದರೆ 'ಇಪಕ್' ಅಂತ ಏನೋ ಬರುತ್ತದೆ. ಕನ್ನಡದಲ್ಲಿ ಒಂದು ಮನೆಗೆ ಒಂದು ಪೂರ್ತಿ ಅಕ್ಷರ. ಗುಣಿತ ಒಡೆಯುವುದಿಲ್ಲ, ಒತ್ತು ಬಿಡಿಸುವುದಿಲ್ಲ, ಸೊನ್ನೆ ತನ್ನ ಹಿಂದಿನ ಅಕ್ಷರದ ಜೊತೆಗೇ ಇರುತ್ತದೆ. ಬೆಂಗಳೂರು ಅಂದರೆ ಬೆಂ, ಗ, ಳೂ, ರು. ನಾಲ್ಕೇ ಮನೆ. ಹಾಗಾಗಿ ಇಂಗ್ಲಿಷ್ ಸುಳಿವನ್ನು ಅನುವಾದ ಮಾಡಿದರೆ ಆಟ ಅಲ್ಲೇ ಸತ್ತುಹೋಗುತ್ತದೆ. ಕನ್ನಡದ ಸುಳಿವು ಕನ್ನಡದ ಒಳಗಿನಿಂದಲೇ ಹುಟ್ಟಬೇಕು.

[ಪರದೆ: ಲೋಕ ಮಲಗಿದಾಗ ಒಳಗೊಳಗೇ ಅರಳಿದ ಹೂವು (3)]

ಓದಿದ ಕೂಡಲೇ ರಾತ್ರಿ ಅರಳುವ ಹೂವು ನೆನಪಾಗುತ್ತದೆ. ಬ್ರಹ್ಮಕಮಲ, ನೈದಿಲೆ, ಮಲ್ಲಿಗೆ... ಇಲ್ಲ. 'ಒಳಗೊಳಗೇ' ಅನ್ನುವುದೇ ಕೀಲಿ. ಮೊದಲ ಎರಡು ಪದಗಳನ್ನು ಜಾಗ ಬಿಡದೆ ಬರೆಯಿರಿ. ಲೋಕಮಲಗಿದಾಗ. ಕಂಡಿತಾ? ಲೋ, ಕ-ಮ-ಲ, ಗಿದಾಗ. ಹಗಲಲ್ಲಿ ಅರಳುವ ಕಮಲ ಲೋಕ ಮಲಗಿದಾಗ ಸಿಕ್ಕಿತು. ಇದನ್ನು ಹೊಸೆದ ದಿನ ನನಗೆ ಎಷ್ಟು ಖುಷಿಯಾಗಿತ್ತು ಅಂದರೆ, ರಾತ್ರಿ ಅತ್ತೆಗೆ ಫೋನ್ ಮಾಡಿ ಓದಿದೆ. ಅವರು ಅರ್ಧ ನಿಮಿಷದಲ್ಲಿ ಬಿಡಿಸಿದರು.

[ಮೆಟ್ರೋ ರೈಲಿನ ಕಿಟಕಿ. ಪರದೆ: ವಿಜಯನಗರದಲ್ಲಿ ತಲೆ ಬಿಟ್ಟು ಹೊರಟರೆ ಸಿಗುವ ಬಡಾವಣೆ (5)]

ಇದು ಸುಲಭ. ಪದದ ತಲೆ ಅಂದರೆ ಮೊದಲ ಅಕ್ಷರ. 'ವಿ' ಬಿಟ್ಟರೆ ಜಯನಗರ. ಮೆಟ್ರೋದಲ್ಲಾದರೆ ಮೆಜೆಸ್ಟಿಕ್‌ನಲ್ಲಿ ಇಳಿದು ನೇರಳೆ ಮಾರ್ಗದಿಂದ ಹಸಿರು ಮಾರ್ಗಕ್ಕೆ ಬದಲಾಯಿಸಬೇಕು. ಇಲ್ಲಿ ಒಂದು ಅಕ್ಷರ ಇಳಿಸಿದರೆ ಸಾಕು.

ಅತ್ತೆ ಇದಕ್ಕೊಂದು ತಕರಾರು ತೆಗೆದರು. "ಸುಳಿವಿನಲ್ಲಿ ಇರುವುದು ವಿಜಯನಗರದಲ್ಲಿ ಅಂತ ಕಣೇ. ಆ 'ದಲ್ಲಿ' ಎಲ್ಲಿ ಹೋಯ್ತು? ಬಸವನಗುಡಿಯ ಅಂದಾಗ ಆ 'ಯ' ಲೆಕ್ಕಕ್ಕಿಲ್ವಾ? ಅದನ್ನೂ ಎಣಿಸಿದರೆ ನಡುವೆ ಬರುವುದು 'ನ' ಒಂದೇ." ಸರಿಯಾದ ಪ್ರಶ್ನೆ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಪದಕ್ಕೇ ಅಂಟಿಕೊಳ್ಳುತ್ತದೆ. ನಾನು ಇಟ್ಟುಕೊಂಡ ನಿಯಮ ಹೀಗಿದೆ: ಊರಿನ ಹೆಸರು ಎದ್ದು ಕಾಣುವಾಗ ಪ್ರತ್ಯಯ ಮಾತಿಗೆ ಸೇರಿದ್ದು, ಆಟಕ್ಕೆ ಸೇರಿದ್ದಲ್ಲ. ಅತ್ತೆ ಇನ್ನೂ ಒಪ್ಪಿಲ್ಲ.

[ಪರದೆ: ಜಟ್ಟಿ ಶಿವನನ್ನು ಕೂಡಿದ ಬಡಾವಣೆ (4)]

ನನಗೆ ಬಹಳ ಇಷ್ಟವಾದದ್ದು ಇದು. ಜಟ್ಟಿ ಅಂದರೆ ಮಲ್ಲ. ಶಿವ ಅಂದರೆ ಈಶ್ವರ. 'ಕೂಡಿದ' ಅಂದರೆ ಸುಮ್ನೆ ಪಕ್ಕಪಕ್ಕ ಇಡುವುದಲ್ಲ, ಸಂಧಿ ಮಾಡುವುದು. ಶಾಲೆಯಲ್ಲಿ ಬಾಯಿಪಾಠ ಮಾಡಿದ ಗುಣಸಂಧಿ ಇಲ್ಲಿ ಕೆಲಸಕ್ಕೆ ಬಂತು. ಅ ಮುಂದೆ ಈ ಬಂದರೆ ಏ. ಮಲ್ಲ, ಈಶ್ವರ, ಮಲ್ಲೇಶ್ವರ. ಮ, ಲ್ಲೇ, ಶ್ವ, ರ. ನಾಲ್ಕು ಮನೆ! ಬಡಾವಣೆಗೆ ಹೆಸರು ಬಂದಿದ್ದು ಕಾಡು ಮಲ್ಲೇಶ್ವರ ದೇವಸ್ಥಾನದಿಂದ. ಜಟ್ಟಿ ಬರೀ ನಮ್ಮ ಆಟಕ್ಕೆ ಬಂದವನು. ಆದರೆ ಎರಡು ಪದ ಕರಗಿ ಒಂದಾಗುವ ಈ ಸೊಗಸು ನೋಡಿ. ಸಂಧಿ ಇರುವ ಭಾಷೆಗೆ ಇದು ಕೈಗೆ ಸಿಕ್ಕ ಬಂಗಾರ.

ಕನ್ನಡದಲ್ಲಿ ಕಷ್ಟವಾಗುವ ಆಟವೂ ಇದೆ. ಅಕ್ಷರ ಕಲಸಿ ಹೊಸ ಪದ ಮಾಡುವುದು. ಇಂಗ್ಲಿಷಿನಲ್ಲಿ 26 ಲೆಟರ್. ನಮ್ಮಲ್ಲಿ 34 ವ್ಯಂಜನಕ್ಕೆ 15 ಗುಣಿತ ಅಂತ ಹಿಡಿದರೂ 510 ಆಯಿತು, ಒತ್ತಕ್ಷರ ಬೇರೆ. ಮಸಾಲೆಯ ಮೂರು ಅಕ್ಷರವನ್ನು ಹೇಗೆ ಕುಲುಕಿದರೂ ಇನ್ನೊಂದು ಪದ ಬರುವುದಿಲ್ಲ. ಅಪರೂಪಕ್ಕೆ ಸಿಗುತ್ತದೆ. 'ಕಂಗೆಟ್ಟ ಮದನ, ಅಡಗಿಸುವ ಕೆಲಸ (3)' ಅಂದರೆ ದಮನ. ಸಿಕ್ಕಾಗ ಬಳಸಿ. ಬಲವಂತ ಬೇಡ.

[ಪರದೆ ಕಪ್ಪಾಗುತ್ತದೆ. ನಿಧಾನವಾಗಿ: ಹುಡುಕು, ದೊರೆ! (3)]

ಇದರಲ್ಲಿ ಕಲಸುವುದಿಲ್ಲ, ತಿರುಗಿಸುವುದಿಲ್ಲ, ತಲೆ ತೆಗೆಯುವುದೂ ಇಲ್ಲ. ಎರಡೂ ನೇರ ಅರ್ಥವೇ. ನಡುವಿನ ಅಲ್ಪವಿರಾಮ ನಮ್ಮನ್ನು ದಾರಿ ತಪ್ಪಿಸುತ್ತದೆ. ಯಾರೋ ಸ್ನೇಹಿತನಿಗೆ "ಹುಡುಕು ದೊರೆ" ಅಂತ ಹೇಳಿದ ಹಾಗೆ ಕೇಳಿಸುತ್ತದೆ. ಆದರೆ ಹುಡುಕು ಅನ್ನುವುದಕ್ಕೂ ದೊರೆ ಅನ್ನುವುದಕ್ಕೂ ಒಂದೇ ಪದ ಬೇಕು.

[ಹತ್ತು ಸೆಕೆಂಡ್ ಮೌನ]

ಅರಸು.

ಅರಸು ಅಂದರೆ ರಾಜ. ಅರಸು ಅಂದರೆ ಹುಡುಕು. ನಮ್ಮ ಅಲಂಕಾರ ಶಾಸ್ತ್ರದಲ್ಲಿ ಇದಕ್ಕೆ ಹಳೆಯ ಹೆಸರಿದೆ, ಶ್ಲೇಷೆ. ಒಗಟು, ದಾಸರ ಮುಂಡಿಗೆ, ಶರಣರ ಬೆಡಗಿನ ವಚನ ಇವೆಲ್ಲ ಇರುವ ಭಾಷೆ ನಮ್ಮದು. ಒಂದು ಹೇಳಿ ಇನ್ನೊಂದನ್ನು ಕಾಣಿಸುವುದು ನಮಗೆ ಹೊಸತಲ್ಲ. ಚೌಕ ಮಾತ್ರ ಹೊಸದು.

ಒಂದು ಸೂಕ್ಷ್ಮ ಗಮನಿಸಿ. 'ಹುಡುಕಾಟ, ದೊರೆ' ಅಂತ ಬರೆದಿದ್ದರೆ ಸುಳಿವು ತಪ್ಪಾಗುತ್ತಿತ್ತು. ಹುಡುಕು ಅಂದರೆ ಅರಸು. ಹುಡುಕಾಟ ಅಂದರೆ ಅರಸುವಿಕೆ. ಸುಳಿವು ಎಷ್ಟು ಬೇಕಾದರೂ ದಾರಿ ತಪ್ಪಿಸಲಿ, ವ್ಯಾಕರಣದಲ್ಲಿ ಮೋಸ ಮಾಡಬಾರದು.

ಹಾಗಾದರೆ ಇವತ್ತಿನ ಕೊನೆಯ ಸುಳಿವು ನಿಮಗೆ. ಉತ್ತರ ನಾನು ಹೇಳುವುದಿಲ್ಲ. ಆದರೆ ಅದು ಈ ವಿಡಿಯೋದಲ್ಲಿ ಒಂದು ಸಲ ಪರದೆ ಮೇಲೆ ಬಂದು ಹೋಗಿದೆ.

[ಪರದೆ: ಸಿಗು, ಅರಸು! (2)]